ಕೈತೋಟದ ನಡಾವಳಿ

ಜೂನ್ ಕೊನೆಯ ವಾರ ನೆಟ್ಟ ನಲವತ್ತು ಟೊಮೇಟೊ ಗಿಡಗಳು ಆಗಸ್ಟ್ ಹದಿನೈದರಂದು ಬಾವುಟ ಹಾರಿಸುವಾಗಲೂ ನನ್ನ ಮೊಣಕಾಲಿನ ಎತ್ತರಕ್ಕೆ ಬಂದಿರಲಿಲ್ಲ. ಎಲೆಗಳು ಮುದುರಿಕೊಂಡಿದ್ದವು. ಒಂದೇ ಎಲೆಯಲ್ಲಿ ಅರ್ಧ ಹಸಿರು, ಅರ್ಧ ಹಳದಿ. ಕೆಲವು ಗಿಡಗಳ ತುದಿ ಎಲೆ ದಾರದಷ್ಟು ಸಣ್ಣಗಾಗಿತ್ತು. ಸಾಯುತ್ತಲೂ ಇರಲಿಲ್ಲ, ಬೆಳೆಯುತ್ತಲೂ ಇರಲಿಲ್ಲ. ಮೂವತ್ತೊಂದು ವರ್ಷ ವಿಜ್ಞಾನ ಪಾಠ ಮಾಡಿದ ನನಗೆ ಕಾರಣ ಗೊತ್ತಾಗಲಿಲ್ಲ. ಗೊತ್ತಿಲ್ಲ ಎಂದು ಬಾಯಿ ಬಿಟ್ಟು ಒಪ್ಪಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ನನ್ನ ಹೆಸರು ನಾಗಕುಮಾರ. ಊರು ಚನ್ನರಾಯಪಟ್ಟಣದ ಕಡೆ. ಕೆಲಸ, ಅರಕಲಗೂಡಿನಲ್ಲಿ ಬಸ್ಸಿಳಿದು ಮತ್ತೆ ಆಟೋ ಹಿಡಿದು ಹೋಗಬೇಕಾದ ಕಂಚೇನಕೊಪ್ಪಲಿನ ಸರ್ಕಾರಿ ಶಾಲೆಯಲ್ಲಿ ಮುಖ್ಯೋಪಾಧ್ಯಾಯ. ಜೈನರವನು. ದಾರಿಯಲ್ಲಿ ಇರುವೆ ಸಾಲು ಕಂಡರೆ ಬಳಸಿಕೊಂಡು ಹೋಗುವವನು, ಹೊತ್ತು ಮುಳುಗಿದ ಮೇಲೆ ಊಟ ಮಾಡದವನು. ಮೇಷ್ಟ್ರು ಯಾರ ಮನಸ್ಸನ್ನೂ ನೋಯಿಸುವವರಲ್ಲ ಎಂದು ಊರಿನಲ್ಲಿ ಹೆಸರಿದೆ. ಆ ಹೆಸರಿಗೆ ಬೆಲೆ ತೆತ್ತವಳು ಮಾರಮ್ಮ.

ಮಾರಮ್ಮ ನಮ್ಮ ಶಾಲೆಯ ಅಡುಗೆಯವಳು. ಹನ್ನೊಂದು ವರ್ಷದಿಂದ ಮಕ್ಕಳಿಗೆ ಬಿಸಿಯೂಟ ಬೇಯಿಸುತ್ತಿದ್ದಳು. ಮನೆ ಊರಾಚೆಯ ಕಾಲೋನಿಯಲ್ಲಿ. ಗಂಡ ಇಲ್ಲ, ಮಗಳನ್ನು ಹೊಳೆನರಸೀಪುರದ ಹತ್ತಿರ ಕೊಟ್ಟಿದೆ. ಶಾಲೆಯ ಅಡುಗೆಮನೆ ಅವಳಿಗೆ ಕೆಲಸ ಮಾತ್ರ ಆಗಿರಲಿಲ್ಲ. ಊರೊಳಗೆ ತಲೆಯೆತ್ತಿ ಬರುವುದಕ್ಕೆ ಇದ್ದ ಒಂದೇ ದಾರಿ. ಬೆಳಿಗ್ಗೆ ಒಂಬತ್ತಕ್ಕೆ ಬಂದು, ಹಾಲಿನ ಪುಡಿಯನ್ನು ಉಗುರುಬೆಚ್ಚನೆ ನೀರಿಗೆ ಸುರಿದು, ಕೈಯಿಂದಲೇ ಗಂಟು ಒಡೆದು ಕಾಯಿಸುತ್ತಿದ್ದಳು. ಮಕ್ಕಳು ಹಾಲು ಕುಡಿಯುವಷ್ಟರಲ್ಲಿ ಹಿತ್ತಲಿಗೆ ಹೋಗಿ ಗಿಡಗಳಿಗೆ ನೀರು ಬಿಡುತ್ತಿದ್ದಳು. ಕೈತೋಟ ಮಾಡಿದ್ದೂ ಅವಳ ಮಾತಿನಿಂದಲೇ. ಸಾರಿಗೆ ಟೊಮೇಟೊ ನಮ್ಮಲ್ಲೇ ಆದರೆ ಎಷ್ಟು ಚೆಂದ ಸಾ ಎಂದು ಎರಡು ವರ್ಷ ಹೇಳಿಕೊಂಡು ಓಡಾಡಿದ್ದಳು.

ಇನ್ನೊಬ್ಬನ ಹೆಸರು ಬಸವರಾಜು. ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ. ಐದು ಎಕರೆ ಹೊಗೆಸೊಪ್ಪು, ಆ ಸೊಪ್ಪನ್ನು ಒಣಗಿಸಿ ಹದ ಮಾಡುವ ಎರಡು ಬ್ಯಾರನ್ನು. ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೆಟ್ಟವನಾಗಿದ್ದರೆ ನನಗೆ ಕೆಲಸ ಸುಲಭವಾಗುತ್ತಿತ್ತು. ಬೆಳಗಿನ ಜಾವವೇ ಎದ್ದು ಆಳುಗಳ ಜೊತೆ ತಾನೂ ಸೊಪ್ಪು ಮುರಿದು, ಬ್ಯಾರನ್ನಿಗೆ ಸಾಗಿಸಿ, ಮನೆಗೆ ಹೋಗುವ ದಾರಿಯಲ್ಲಿ ದಿನವೂ ಶಾಲೆಯ ತೋಟಕ್ಕೆ ಬರುತ್ತಿದ್ದ. ಕೈ ಮಣಿಕಟ್ಟಿನವರೆಗೂ ಕರ್ರಗೆ, ಅಂಟು. ಹೊಗೆಸೊಪ್ಪಿನ ಗಿಡದಲ್ಲಿ ಕಂಕುಳ ಕುಡಿ ಮುರಿಯುವುದು ಅವನ ಕೈಗೆ ಅಂಟಿದ ಅಭ್ಯಾಸ. ಟೊಮೇಟೊ ಗಿಡದಲ್ಲೂ ಅದನ್ನೇ ಮಾಡುತ್ತಿದ್ದ. ಒಂದೊಂದು ಗಿಡದ ಮುಂದೂ ಕುಕ್ಕರಗಾಲಲ್ಲಿ ಕೂತು, ಎಲೆ ಸಂದಿಯ ಚಿಗುರನ್ನು ಹೆಬ್ಬೆರಳು ತೋರುಬೆರಳಲ್ಲಿ ಚಿವುಟಿ, ಮುಂದಿನ ಗಿಡಕ್ಕೆ ಜರುಗುವುದು. ನಲವತ್ತಕ್ಕೆ ನಲವತ್ತೂ. ಅಂಥ ಶ್ರದ್ಧೆ ನಮ್ಮ ಇಲಾಖೆಯಲ್ಲಿ ಯಾರಿಗೂ ಇಲ್ಲ.

ನನಗಿಂತ ಹದಿನೈದು ವರ್ಷ ಚಿಕ್ಕವನಾದರೂ ಅವನಿಗೆ ನಾನು ಬಹುವಚನ ಕೊಡುತ್ತಿದ್ದೆ. ಮಾರಮ್ಮ ನನ್ನ ಓರಗೆಯವಳು, ಅವಳಿಗೆ ಏಕವಚನ. ಇದು ಆಗ ನನಗೆ ತಪ್ಪೆಂದು ಕಂಡಿರಲಿಲ್ಲ.

ಗಿಡ ಯಾಕೆ ಏಳುತ್ತಿಲ್ಲ ಎಂದು ನಾವು ಮಾಡದ ಉಪಾಯವಿಲ್ಲ. ನೆರಳು ಜಾಸ್ತಿಯಾಯಿತೆಂದು ಹೊಂಗೆ ಮರದ ಕೊಂಬೆ ಕಡಿಸಿದೆವು. ನೀರು ಹೆಚ್ಚಾಯಿತೆಂದು ಕಡಿಮೆ ಮಾಡಿದೆವು, ಆಮೇಲೆ ಕಡಿಮೆಯಾಯಿತೆಂದು ಹೆಚ್ಚು ಮಾಡಿದೆವು. ಕೊಟ್ಟಿಗೆ ಗೊಬ್ಬರ ಹಾಕಿ, ಬೇವಿನ ಹಿಂಡಿ ಹಾಕಿ, ನಾನು ತರಗತಿಯಲ್ಲಿ ಸಾರಜನಕದ ಪಾಠ ಮಾಡಿದ ಧೈರ್ಯದಲ್ಲಿ ಒಂದೊಂದು ಚಿಟಿಕೆ ಯೂರಿಯಾವನ್ನೂ ಹಾಕಿಸಿದೆ. ಗಿಡ ಜಪ್ಪಯ್ಯ ಎನ್ನಲಿಲ್ಲ.

ವಿಚಿತ್ರವೆಂದರೆ, ಪಾತ್ರೆ ತೊಳೆಯುವ ಕಲ್ಲಿನ ಪಕ್ಕ ತಾವಾಗಿಯೇ ಹುಟ್ಟಿದ್ದ ಎರಡು ಟೊಮೇಟೊ ಗಿಡಗಳು ಎದೆಯುದ್ದ ಬೆಳೆದು ಕಾಯಿ ಬಿಟ್ಟಿದ್ದವು. ಮಾರಮ್ಮ ಅವಕ್ಕೆ ಹಳೇ ಕೊಡೆಯ ಕಡ್ಡಿ ಊರಿ, ಸೀರೆಯ ಅಂಚು ಹರಿದು ಕಟ್ಟಿದ್ದಳು. ಬಸವರಾಜು ಆ ಕಡೆ ಹೋಗುತ್ತಿರಲಿಲ್ಲ. ಎಂಜಲು ನೀರಿನ ಗಿಡ, ಬೆಳೆಯದೆ ಏನು ಮಾಡೀತು ಎಂದ. ನಾನೂ ಹೌದೆಂದು ತಲೆಯಾಡಿಸಿದೆ. ಕಣ್ಣೆದುರಿಗೆ ಉತ್ತರ ನೆಟ್ಟಗೆ ನಿಂತಿತ್ತು. ಮೂವತ್ತೊಂದು ವರ್ಷ ಮಕ್ಕಳಿಗೆ 'ಗಮನಿಸಿ, ಹೋಲಿಸಿ' ಎಂದು ಹೇಳಿಕೊಟ್ಟ ಮಹಾನುಭಾವ ನಾನು.

ಕೈಗುಣ ಎಂಬ ಮಾತನ್ನು ಮೊದಲು ಆಡಿದ್ದು ಇನ್ನೊಬ್ಬ ಅಡುಗೆಯವಳು ಜಯಲಕ್ಷ್ಮಮ್ಮ. ಯಾವುದೋ ಬೆಳಿಗ್ಗೆ ಅಕ್ಕಿ ಆರಿಸುತ್ತಾ, "ಕೆಲವ್ರ ಕೈಗುಣವೇ ಅಂಗೆ ಸಾ. ಮುಟ್ಟಿದ್ದು ಏಳಾಕಿಲ್ಲ," ಎಂದಳು. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಒಂದು ವಾರದಲ್ಲಿ ಊರೆಲ್ಲ ಅದೇ ಮಾತು. ಜಾತಿಯ ಹೆಸರೆತ್ತಿದರೆ ಕೇಸಾಗುತ್ತದೆ ಎಂದು ನಮ್ಮ ಜನರಿಗೆ ಚೆನ್ನಾಗಿ ಗೊತ್ತು. ಕೈಗುಣ ಎಂದರೆ ಯಾವ ಕೇಸೂ ಇಲ್ಲ.

ಆಗಸ್ಟ್ ಇಪ್ಪತ್ತಕ್ಕೆ ಸಮಿತಿಯ ಸಭೆ. ಬಸವರಾಜು ಕುರ್ಚಿಯ ಮೇಲೆ ಕೂತು ಹೊಗೆಸೊಪ್ಪಿನ ಕಡ್ಡಿಪುಡಿ ಬಾಯಿಗೆ ಹಾಕಿಕೊಂಡ.

"ಸಾ, ನಾ ಯಾರ್ನೂ ದೂರ್ತಿಲ್ಲ. ಆದ್ರೆ ಜನ ಮಾತಾಡ್ಕತಾವ್ರೆ. ಆಯಮ್ಮ ತ್ವಾಟದ ತಾವ ಓಗದು ಬ್ಯಾಡ ಅಂತ."

ಇಲ್ಲಿ ನಾನು ನನ್ನ ಬುದ್ಧಿವಂತಿಕೆ ತೋರಿಸಿದೆ. ಕೈಗುಣವೆಂಬುದು ಮೂಢನಂಬಿಕೆ ಎಂದು ಮೇಜು ಗುದ್ದಿ ಹೇಳಬೇಕಿತ್ತು. ಹೇಳಿದರೆ ಬಸವರಾಜುವಿನ ಮನಸ್ಸು ನೋಯುತ್ತದೆ. ಅದಕ್ಕೇ ಒಂದು ಪ್ರಯೋಗ ಮಾಡೋಣ ಎಂದೆ. ಒಂದು ತಿಂಗಳು ಮಾರಮ್ಮ ತೋಟಕ್ಕೆ ಬರುವುದು ಬೇಡ. ಗಿಡದ ಕೆಲಸವನ್ನೆಲ್ಲ ಅಧ್ಯಕ್ಷರೇ ನೋಡಿಕೊಳ್ಳಲಿ. ಗಿಡ ಹೀಗೇ ಇದ್ದರೆ ತಪ್ಪು ಅವಳ ಕೈಯದ್ದಲ್ಲ ಎಂದು ಸಾಬೀತಾಯಿತಲ್ಲ! ಒಳಗೊಳಗೇ ನನಗೆ ಹೆಮ್ಮೆಯಾಯಿತು. ಯಾರನ್ನೂ ನೋಯಿಸದೆ ಮಾರಮ್ಮನನ್ನು ಉಳಿಸಿದೆ ಎಂದುಕೊಂಡೆ. ನಡಾವಳಿ ಪುಸ್ತಕದಲ್ಲಿ ನನ್ನ ಗುಂಡಾದ ಅಕ್ಷರದಲ್ಲೇ ಬರೆದೆ: 'ಅಡುಗೆ ಸಿಬ್ಬಂದಿ ಮಾರಮ್ಮ ಇವರು ಒಂದು ತಿಂಗಳ ಕಾಲ ಕೈತೋಟವನ್ನು ಪ್ರವೇಶಿಸತಕ್ಕದ್ದಲ್ಲ.'

ಮಾರಮ್ಮನಿಗೆ ನಾನೇ ಹೇಳಿದೆ. "ನಿನ್ನ ಒಳ್ಳೇದಕ್ಕೇ ಮಾರಮ್ಮ. ಒಂದು ತಿಂಗಳು ಅಷ್ಟೇ."

ಅವಳು ಸೌಟು ಹಿಡಿದುಕೊಂಡೇ ನಿಂತಿದ್ದಳು. "ಒಂದ್ ಕಿತ ಬರದ್ರೆ ಅಳ್ಸದು ಕಷ್ಟ ಅಲ್ವಾ ಸಾ," ಎಂದಳು. ಅಷ್ಟೇ. ನಾನು ನಕ್ಕು ಬಂದೆ.

ತಿಂಗಳಲ್ಲಿ ಗಿಡಗಳು ಇನ್ನೂ ಕೆಟ್ಟವು. ಸಂಜೆ ಹೊತ್ತೂ ಬಸವರಾಜು ಬರತೊಡಗಿದ್ದ, ಜವಾಬ್ದಾರಿ ಅವನದ್ದಲ್ಲವೇ. ನನ್ನ ಲೆಕ್ಕದ ಪ್ರಕಾರ ಮಾರಮ್ಮ ಗೆದ್ದಿದ್ದಳು. ಆದರೆ ಊರಿನ ಲೆಕ್ಕವೇ ಬೇರೆ ಇತ್ತು. ಅವಳು ಮುಟ್ಟಿ ಹೋದದ್ದರ ವಿಷ ಈಗ ಏರುತ್ತಿದೆ ಎಂದರು. ಮೇಷ್ಟ್ರೇ ಬರೆದಿದ್ದಾರೆ, ಸುಮ್ಮನೆ ಬರೆಯುತ್ತಾರಾ ಎಂದರು. ಆಮೇಲೆ ಬರಬೇಕಾದ ಮಾತು ಬಂತು. ಸೆಪ್ಟೆಂಬರ್ ಸಭೆಗೆ ಆರೇಳು ಜನ ಹೆಂಗಸರು ಬಂದು ಬಾಗಿಲಲ್ಲಿ ನಿಂತರು. ಒಬ್ಬಳು ಕೇಳಿದಳು: "ಗಿಡ ಮುಟ್ಬಾರದ ಕೈಯಿ ನಮ್ಮಕ್ಕಳ ಅನ್ನ ಮುಟ್ಬೋದಾ ಸಾ? ನೀವೇ ಏಳಿ."

ನನ್ನದೇ ತರ್ಕ. ನನ್ನದೇ ಅಕ್ಷರ. ನಡಾವಳಿ ಪುಸ್ತಕವನ್ನು ಮುಚ್ಚಿದೆ. ಆ ದಿನ ಮಧ್ಯಾಹ್ನ ನಲವತ್ತು ಮಕ್ಕಳು ತಟ್ಟೆ ಮುಟ್ಟದೆ ಮನೆಗೆ ಹೋದರು. ಮಾರನೆಯ ದಿನ ಅರವತ್ತು. ನಾಲ್ಕನೆಯ ದಿನ ಬಸವರಾಜು ನನ್ನನ್ನು ಪಕ್ಕಕ್ಕೆ ಕರೆದು, ಆಯಮ್ಮನೇ ಬಿಡ್ತೀನಿ ಅಂತ ಬರೆದುಕೊಟ್ಟರೆ ಯಾರಿಗೂ ಮುಜುಗರವಿಲ್ಲ ಎಂದ. ನಾನು ಬರೆದೆ. 'ವೈಯಕ್ತಿಕ ಕಾರಣಗಳಿಂದ ಸ್ವಇಚ್ಛೆಯಿಂದ.' ಮಾರಮ್ಮ ಓದಿದವಳಲ್ಲ, ಸಹಿ ಮಾಡಲು ಮಾತ್ರ ಬರುತ್ತಿತ್ತು. ಶಾಲೆಯಲ್ಲೇ ಕಲಿತದ್ದು, ನಾನೇ ಕಲಿಸಿದ್ದು. ಅದೇ ಸಹಿಯನ್ನು ಹಾಕಿ, ಅಡುಗೆಮನೆಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡು ಹೋದಳು.

ಆ ವಾರವೇ ನಮ್ಮ ಕ್ಷಮಾವಣಿ ಬಂತು. ದಶಲಕ್ಷಣ ಪರ್ವ ಮುಗಿದ ಮೇಲೆ, ತಿಳಿದೋ ತಿಳಿಯದೆಯೋ ನಿಮಗೆ ನೋವು ಮಾಡಿದ್ದರೆ ಕ್ಷಮಿಸಿ ಎಂದು ಎಲ್ಲರನ್ನೂ ಕೇಳಿಕೊಳ್ಳುವ ದಿನ. ನನ್ನ ಹೆಂಡತಿ ರಾಜೀಮತಿ ಹೂವಿನ ಚಿತ್ರವೊಂದನ್ನು ಆರಿಸಿಕೊಟ್ಟಳು. ನೂರ ಹನ್ನೆರಡು ಜನಕ್ಕೆ ವಾಟ್ಸಾಪಿನಲ್ಲಿ ಕಳಿಸಿದೆ. ಬಸವರಾಜುವಿಗೂ ಕಳಿಸಿದೆ. ಅವನು ಕೈ ಮುಗಿದ ಚಿಹ್ನೆ ಹಾಕಿದ. ಮಾರಮ್ಮನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೇ ಫೋನು. ನನಗೆ ಅದು ಅನುಕೂಲವೇ ಆಯಿತು.

ಊರಿಗೆ ಹೋಗುವಾಗ ಹಾಸನದಲ್ಲಿ ಇಳಿದು, ಕೃಷಿ ವಿಜ್ಞಾನ ಓದಿ ಅಲ್ಲಿ ಸಸ್ಯರೋಗದ ಕೆಲಸ ಮಾಡುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿನಿ ತೇಜಶ್ರೀಗೆ ನಾಲ್ಕು ಎಲೆಗಳನ್ನು ಕೊಟ್ಟೆ. ಅವಳು ಆಗಸ್ಟಿನಲ್ಲೇ ಫೋನಿನಲ್ಲಿ ಫೋಟೋ ನೋಡಿ, ಎಲೆ ತಂದುಕೊಡಿ ಸರ್ ಎಂದಿದ್ದಳು. ನಾನು ಇವತ್ತು ನಾಳೆ ಎಂದು ತಳ್ಳಿದ್ದೆ. ಎಲ್ಲ ಮುಗಿದ ಮೇಲೆ ಕೊಟ್ಟೆ. ಮೂರು ದಿನಕ್ಕೆ ಅವಳ ಫೋನು ಬಂತು.

"ಸರ್, ಇದು ಮೊಸಾಯಿಕ್ ವೈರಸ್. ಹೊಗೆಸೊಪ್ಪಿಗೆ ಬರುತ್ತಲ್ಲ, ಅದೇ. ಟೊಮೇಟೊ ಕೂಡ ಅದೇ ಕುಲದ್ದು. ಇದನ್ನ ಹಬ್ಬಿಸೋದು ಹುಳ ಅಲ್ಲ ಸರ್, ಮನುಷ್ಯರ ಕೈ. ಯಾರಾದ್ರೂ ಹೊಗೆಸೊಪ್ಪು ಮುಟ್ಟಿ, ಕೈ ತೊಳೀದೆ ಗಿಡ ಚಿವುಟ್ತಾರಾ?"

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಈ ಗಿಡಗಳನ್ನೆಲ್ಲ ಕಿತ್ತು ಸುಟ್ಟುಬಿಡಿ. ಹೊಸದಾಗಿ ಬೇರೆ ಜಾಗದಲ್ಲಿ ನೆಡಿ. ಮುಟ್ಟೋ ಮುಂಚೆ ಸೋಪು ಹಾಕಿ ಕೈ ತೊಳೀಬೇಕು. ಕೆನೆ ತೆಗೆದ ಹಾಲಲ್ಲಿ ಕೈ ಅದ್ದಿದ್ರೆ ಇನ್ನೂ ಒಳ್ಳೇದು, ವೈರಸ್ ಹತ್ತಲ್ಲ. ನಿಮ್ಮ ಶಾಲೆಗೆ ಹಾಲಿನ ಪುಡಿ ಬರುತ್ತಲ್ಲ ಸರ್, ಅದೇ ಸಾಕು. ಅಂದ ಹಾಗೆ, ಚೆನ್ನಾಗಿರೋ ಗಿಡ ಒಂದೂ ಇಲ್ವಾ?"

"ಎರಡಿವೆ. ಪಾತ್ರೆ ತೊಳೆಯೋ ಕಲ್ಲಿನ ಹತ್ರ."

"ಅವನ್ನ ನೋಡ್ಕೊಳ್ಳೋರ ಕೈಗೇ ತೋಟ ಒಪ್ಪಿಸಿ ಸರ್," ಎಂದು ನಕ್ಕಳು.

ದಿನಾ ಬೆಳಿಗ್ಗೆ ಹಾಲಿನ ಪುಡಿಯ ಗಂಟು ಒಡೆದು, ಆ ಕೈಯಲ್ಲೇ ಗಿಡಕ್ಕೆ ನೀರು ಬಿಟ್ಟವಳು ಮಾರಮ್ಮ. ಇಡೀ ಶಾಲೆಯಲ್ಲಿ ಆ ಗಿಡಗಳನ್ನು ಮುಟ್ಟಲು ಯೋಗ್ಯವಾಗಿದ್ದ ಕೈ ಅದೊಂದೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ಬರೆ ಹಾಕುವ ಕಬ್ಬಿಣ ಕಾಯಿಸಿಕೊಟ್ಟವನು ನಾನು. ಆ ರಾತ್ರಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಹೇಸಿಗೆಯಾದರೆ ಸಾಲದು ಎಂಬುದು ಮಾತ್ರ ಹೊಳೆಯಲಿಲ್ಲ.

ಬಸವರಾಜುವಿಗೆ ಅವನ ಬ್ಯಾರನ್ನಿನ ಮುಂದೆಯೇ ಹೇಳಿದೆ. ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದ ಆಳುಗಳು ಸ್ವಲ್ಪ ದೂರದಲ್ಲಿದ್ದರು. ಮೊದಲು ನಕ್ಕ.

"ಏನ್ ಸಾ ನೀವು, ತಮಾಷೆನಾ? ಉಟ್ದಾಗಿಂದ ಇದೇ ಕೈಯಾಗೆ ಉಣ್ತಾ ಇವ್ನಿ."

ತೇಜಶ್ರೀ ಕಳಿಸಿದ ವರದಿಯನ್ನು ಫೋನಿನಲ್ಲಿ ತೋರಿಸಿ ಬಿಡಿಸಿ ಹೇಳಿದೆ. ನಗು ನಿಂತಿತು. ಎರಡೂ ಕೈಯನ್ನು ಮುಂದೆ ಚಾಚಿ, ತಿರುವಿ ತಿರುವಿ ನೋಡಿಕೊಂಡ. ತೋಳಿನಿಂದ ಕಣ್ಣೊರೆಸಿಕೊಂಡ.

"ದಿನಾ ಮಕ್ಳಿಗೋಸ್ಕರ ಬತ್ತಿದ್ದೆ ಸಾ. ಒಂದ್ ದಿನ ತಪ್ಸಿಲ್ಲ. ನನ್ನ ಕೈಯಿಂದ್ಲೇ ಆಯ್ತಾ?"

ನನಗೆ ನಿಜವಾಗಿಯೂ ಅಯ್ಯೋ ಅನಿಸಿತು. ಈ ಅಯ್ಯೋ ಎನ್ನುವುದೊಂದು ಮಾಯೆ. ಎದುರಿಗಿದ್ದವರ ಕಣ್ಣೀರು ಮಾತ್ರ ಅದಕ್ಕೆ ಕಾಣುತ್ತದೆ, ಕಾಲೋನಿಯವರೆಗೆ ಅದರ ಕಣ್ಣು ಹೋಗುವುದಿಲ್ಲ.

"ಇದು ಮೀಟಿಂಗಿಗೆ ಬರದು ಬ್ಯಾಡ ಸಾ," ಎಂದ. "ನನ್ನ ಮರ್ವಾದೆ ಓಯ್ತದೆ. ನಿಮ್ದೂ ಓಯ್ತದೆ, ಬರ್ದೋರು ನೀವೇ ಅಲ್ವಾ? ಗಿಡ ಕಿತ್ತಾಕಿ ಒಸ್ದಾಗಿ ನೆಡವಾ. ಕೈ ತೊಳ್ಕಂಡೇ ಮುಟ್ತೀನಿ, ನನ್ನಾಣೆ."

"ಮಾರಮ್ಮ?"

"ಆಯಮ್ಮಂಗೆ ನಮ್ಮ ಸೆಡ್ಡಲ್ಲೇ ಕೆಲ್ಸ ಕೊಡ್ತೀನಿ ಬುಡಿ. ಗ್ರೇಡಿಂಗ್ ಮಾಡ್ಲಿ. ಇಸ್ಕೂಲ್ಗಿಂತ ಕೂಲಿ ಜಾಸ್ತಿನೇಯ."

ಸರಿ ಎಂದೆ. ಯಾರ ಮನಸ್ಸನ್ನೂ ನೋಯಿಸದ ಮೇಷ್ಟ್ರು ಸರಿ ಎಂದು ಆಟೋ ಹತ್ತಿದ. ನಡಾವಳಿ ಪುಸ್ತಕ ತೆರೆದು 'ಹಿಂದಿನ ನಿರ್ಣಯ ತಪ್ಪು, ತಪ್ಪು ನನ್ನದು' ಎಂದು ಎರಡು ಸಾಲು ಬರೆಯಲು ಐದು ನಿಮಿಷ ಸಾಕಿತ್ತು. ನಿವೃತ್ತಿಗೆ ಎರಡು ವರ್ಷವಿದೆ, ಇನ್ಸ್‌ಪೆಕ್ಷನ್ನಿಗೆ ಬಂದವರು ಆ ಪುಟ ನೋಡಿದರೆ ಎಂದುಕೊಂಡೆ. ಪುಸ್ತಕ ಬೀರುವಿನಲ್ಲೇ ಉಳಿಯಿತು.

ದಸರಾ ರಜೆ ಮುಗಿದ ಮೇಲೆ ಕೊಠಡಿಗಳ ಆ ಬದಿಗೆ ಹೊಸ ಪಾತಿ ಮಾಡಿ ಮೂವತ್ತು ಸಸಿ ನೆಟ್ಟೆವು. ಬಸವರಾಜು ಮಾತಿಗೆ ತಪ್ಪಲಿಲ್ಲ. ಸೋಪು ಹಾಕಿ ಕೈ ತೊಳೆದು, ಅಡುಗೆಮನೆಯಿಂದ ಲೋಟದಲ್ಲಿ ಹಾಲು ತರಿಸಿ ಕೈ ಅದ್ದಿಕೊಂಡೇ ಗಿಡ ಮುಟ್ಟುತ್ತಿದ್ದ. ಯಾಕೆಂದು ಕೇಳಿದವರಿಗೆ, ದೋಷ ಕಳೆಯೋಕೆ ಎನ್ನುತ್ತಿದ್ದ. ಯಾರ ದೋಷ ಎಂದು ಕೇಳುವವರು ಯಾರೂ ಇರಲಿಲ್ಲ, ಎಲ್ಲರಿಗೂ ಗೊತ್ತಿದೆಯಲ್ಲ.

ಗಿಡಗಳು ಎದ್ದವು. ಹಾಗೆ ಎದ್ದ ಗಿಡಗಳನ್ನು ನಾನು ನೋಡಿರಲಿಲ್ಲ. ಡಿಸೆಂಬರ್ ಕೊನೆಗೆ ಕಡ್ಡಿ ಬಾಗುವಷ್ಟು ಕಾಯಿ. ಸಂಕ್ರಾಂತಿಯ ವಾರ ಮೊದಲ ಕೊಯ್ಲು, ಎರಡು ಬುಟ್ಟಿ. ಜಯಲಕ್ಷ್ಮಮ್ಮ ಹಣ್ಣನ್ನು ಕಣ್ಣಿಗೆ ಒತ್ತಿಕೊಂಡಳು. ಸಾರಿನ ಘಮ ರಸ್ತೆಯವರೆಗೂ ಹೋಯಿತು. ಬಾಗಿಲಲ್ಲಿ ನಿಂತಿದ್ದ ಆ ಹೆಂಗಸರೇ ಬಂದು ತೋಟ ನೋಡಿ, ಒಬ್ಬಳು ಇನ್ನೊಬ್ಬಳಿಗೆ ಹೇಳಿದಳು: "ನೋಡ್ದಾ? ಆಯಮ್ಮ ಓದ್ಲು, ಗಿಡ ಎಂಗೆ ಬಂದೋ ನೋಡು."

ಬಸವರಾಜು ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಇಬ್ಬರಲ್ಲಿ ಒಬ್ಬ ಬಾಯಿ ತೆರೆದಿದ್ದರೂ ಸಾಕಿತ್ತು. ಅಲ್ಲಿಯವರೆಗೆ ಅದು ಬರೀ ಅನುಮಾನ, ಕಾಡು ಹರಟೆ. ಅವತ್ತು ಅದಕ್ಕೆ ಸಾಕ್ಷಿ ಸಿಕ್ಕಿತು, ಎರಡು ಬುಟ್ಟಿ ಕೆಂಪು ಸಾಕ್ಷಿ. ನಿಜ ತಿಳಿದ ಮೇಲೆ ನಾನು ಗಿಡಗಳನ್ನು ಉಳಿಸಿದ್ದೆ, ಹಾಗೆ ಉಳಿಸಿಯೇ ಮಾರಮ್ಮನನ್ನು ಪೂರ್ತಿ ಮುಗಿಸಿದ್ದೆ.

ಶಾಲೆ ಬಿಟ್ಟ ಮೇಲೆ ಆರು ಹಣ್ಣನ್ನು ಚೀಲಕ್ಕೆ ಹಾಕಿಕೊಂಡು ಬಸವರಾಜುವಿನ ಶೆಡ್ಡಿಗೆ ಹೋದೆ. ಒಳಗೆ ಒಣ ಹೊಗೆಸೊಪ್ಪಿನ ಘಾಟು, ಕಣ್ಣು ಉರಿಯುತ್ತಿತ್ತು. ಏಳೆಂಟು ಹೆಂಗಸರು ಸೊಪ್ಪನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದರು. ಮಾರಮ್ಮ ಕಿಟಕಿಯ ಹತ್ತಿರ ಕೂತಿದ್ದಳು. ನಾಲ್ಕು ತಿಂಗಳಲ್ಲಿ ಕೆನ್ನೆ ಒಳಗೆ ಹೋಗಿತ್ತು. ನನ್ನನ್ನು ಕಂಡು ಎದ್ದು ಹೊರಗೆ ಬಂದಳು.

ಎಲ್ಲವನ್ನೂ ಹೇಳಿದೆ. ತೇಜಶ್ರೀಯ ಫೋನು, ವೈರಸ್ಸು, ಬಸವರಾಜುವಿನ ಕೈ, ಹಾಲು. ಮುಚ್ಚಿಡದೆ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ಎದೆ ಹಗುರವಾಯಿತು. ಅವಳು ಒಂದು ಕಡೆಯೂ ತಡೆಯದೆ ಕೇಳಿಸಿಕೊಂಡಳು.

"ನನ್ನ ಕೈಯಿ ಸರ್ಯಾಗೈತೆ ಅಂತ ನಂಗೊತ್ತಿತ್ತು ಸಾ," ಎಂದಳು. "ಕಲ್ಲಿನ ತಾವ ಎಲ್ಡು ಗಿಡ ಇರ್ನಿಲ್ವಾ? ನಂಗ್ಯಾಕೆ ಏಳ್ತೀರಾ. ಆ ಬುಕ್ಕಲ್ಲಿ ಬರುದ್ರಾ?"

"ಇಲ್ಲ."

"ಊರೋರ್ಗೆ ಏಳುದ್ರಾ?"

"ಹೇಳ್ತೀನಿ ಮಾರಮ್ಮ. ನಾಳೆನೇ ಸಭೆ ಕರೀತೀನಿ. ನೀನು ಮತ್ತೆ ಬಾ. ನೀವು ಬನ್ನಿ. ತೋಟ ನಿಮ್ಮ ಕೈಗೇ ಕೊಡ್ತೀನಿ."

ಚೀಲವನ್ನು ಮುಂದೆ ಹಿಡಿದೆ. ಅವಳು ತೆಗೆದುಕೊಳ್ಳಲಿಲ್ಲ. ಎರಡೂ ಕೈಯನ್ನು ನನ್ನ ಮುಖದ ಮುಂದೆ ಬಿಡಿಸಿದಳು. ಅಂಗೈ, ಬೆರಳ ಸಂದಿ, ಉಗುರಿನ ಬುಡ ಎಲ್ಲ ಕಂದು ಬಣ್ಣಕ್ಕೆ ತಿರುಗಿ ಹೊಗೆಸೊಪ್ಪಿನ ಪುಡಿ ಮೆತ್ತಿಕೊಂಡಿತ್ತು.

"ಈಗ ನೀವ್ ಬರ್ದಿದ್ದು ನಿಜ ಆಯ್ತು ನೋಡಿ ಸಾ. ಈಗ ಈ ಕೈಯಿ ಗಿಡ ಮುಟ್ಬಾರ್ದು."

ಒಳಗಿಂದ ಯಾರೋ ಕರೆದರು. ಅವಳು ಹೋಗಿ ಕಿಟಕಿಯ ಹತ್ತಿರ ಕೂತು ಮತ್ತೆ ಸೊಪ್ಪು ಬೇರೆ ಮಾಡತೊಡಗಿದಳು. ಹಣ್ಣಿನ ಚೀಲವನ್ನು ಬಾಗಿಲ ಪಕ್ಕದ ಗೂಟಕ್ಕೆ ನೇತುಹಾಕಿ ಬಂದೆ. ಮಾರನೆಯ ದಿನ ನಾನು ಸಭೆ ಕರೆಯಲಿಲ್ಲ.